ಹಸಿರು ಗೀಟಿನ ನಕಾಶೆ

ಬಳ್ಳಾರಿ ಜಿಲ್ಲೆಯಲ್ಲಿ ಮೂವತ್ತಮೂರು ವರ್ಷ ಸರ್ವೇಯರ್ ಆಗಿದ್ದು ನಿವೃತ್ತನಾದವನು ನಾನು. ಸರಪಳಿ, ಕ್ರಾಸ್‌ಸ್ಟಾಫ್ ಹಿಡಿದು ಕೆಲಸ ಶುರು ಮಾಡಿದೆ, ಟೋಟಲ್ ಸ್ಟೇಷನ್ ಎಂಬ ಎಲೆಕ್ಟ್ರಾನಿಕ್ ಅಳತೆ ಯಂತ್ರ ಬಂದ ಮೇಲೆ ಮುಗಿಸಿದೆ. ಹೋದ ಬೇಸಿಗೆಯಲ್ಲಿ ಮ್ಯಾಂಚೆಸ್ಟರಿನ ಮಗಳ ಮನೆಯಲ್ಲಿ ಎರಡೂವರೆ ತಿಂಗಳು ಇದ್ದು ಬಂದೆ. ಅಲ್ಲಿಂದ ನನಗಂತ ಕೊಂಡು ತಂದ ಸಾಮಾನು ಒಂದೇ: ಬ್ರಿಟನ್ನಿನ ಸರ್ಕಾರಿ ನಕಾಶೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೇಯವರ ಎಕ್ಸ್‌ಪ್ಲೋರರ್ ನಕಾಶೆ, ನಂಬರ್ ಓಎಲ್ 1, ಡಾರ್ಕ್ ಪೀಕ್. ಅದನ್ನು ಹಿಡಿದು ಮ್ಯಾಂಚೆಸ್ಟರಿಗೆ ಹತ್ತಿರದ ಕಿಂಡರ್ ಸ್ಕೌಟ್ ಬೆಟ್ಟವನ್ನು ಎರಡು ಸಲ ಹತ್ತಿದೆ. ಮಕ್ಕಳ ಮನೆಗೆಂದು ಆ ಕಡೆ ಹೋಗುವ ತಂದೆ-ತಾಯಿ ನಮ್ಮ ಭಾಗದಲ್ಲಿ ಈಗ ಬಹಳ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ಮಾತು. ಅಳತೆ 1:25,000. ಅಂದರೆ ನೆಲದ ಮೇಲಿನ ಒಂದು ಕಿಲೋಮೀಟರು ಹಾಳೆಯ ಮೇಲೆ 4 ಸೆಂಟಿಮೀಟರು. ಒಂದೊಂದು ಕಿಲೋಮೀಟರಿಗೆ ನೀಲಿ ಚೌಕ ಹಾಕಿದ್ದಾರೆ. ಸಾದಾ ಕಾಗದದ್ದು ಒಂದು, ನೀರು ತಾಗದ ಹಾಗೆ ಲೇಪ ಕೊಟ್ಟದ್ದು ಒಂದು, ಹೀಗೆ ಎರಡು ಬಗೆ ಸಿಗುತ್ತವೆ. ನಾನು ಲೇಪದ್ದನ್ನೇ ತೆಗೆದುಕೊಂಡೆ. ಇಪ್ಪತ್ತು ಪೌಂಡ್‌ಗೆ ಹತ್ತಿರ ಬಿತ್ತು, ನಮ್ಮ ದುಡ್ಡಿನಲ್ಲಿ ಎರಡು ಸಾವಿರ ರೂಪಾಯಿ ಹಿಡಿಯಿರಿ. ರಟ್ಟಿನ ಒಳಗೆ ಕೆರೆದು ನೋಡುವ ಒಂದು ಕೋಡ್ ಇರುತ್ತದೆ. ಅದನ್ನು ಹಾಕಿದರೆ ಅದೇ ನಕಾಶೆ ಫೋನಿಗೂ ಇಳಿಯುತ್ತದೆ.

"ಫೋನಿನಾಗ ಎಲ್ಲಾ ಐತಲ್ಲಪ್ಪಾ, ಮತ್ತ ಕಾಗದ ಯಾಕ?" ಅಂದಳು ಮಗಳು. ಊಟದ ಟೇಬಲ್ ಮೇಲೆ ಹಾಸಿ ತೋರಿಸಿದೆ. ಫೋನಿನ ಪರದೆಯಲ್ಲಿ ನಾವು ನಿಂತ ಜಾಗ ಕಾಣುತ್ತದೆ. ಹಾಳೆಯಲ್ಲಿ ಬೆಟ್ಟ ಇಡಿಯಾಗಿ ಕಾಣುತ್ತದೆ. ಈಡೇಲ್ ರೈಲು ನಿಲ್ದಾಣದಿಂದ ಕಿಂಡರ್ ಲೋ ಎಂಬ ನೆತ್ತಿಯವರೆಗೆ ದಾರಿಯ ಗುಂಟ ದಾರ ಇಟ್ಟು ಅಳೆದೆ. 26 ಸೆಂಟಿಮೀಟರು, ಅಂದರೆ ಆರೂವರೆ ಕಿಲೋಮೀಟರು. ಕಂದು ಬಣ್ಣದ ಎತ್ತರದ ಗೆರೆಗಳನ್ನು ಎಣಿಸಿದರೆ ಏರು ಸುಮಾರು 400 ಮೀಟರು. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಚಾರಣಿಗ 1892ರಲ್ಲಿ ಹೇಳಿದ ಲೆಕ್ಕ ಇವತ್ತಿಗೂ ಅಲ್ಲಿ ನಡೆಯುತ್ತದೆ. 5 ಕಿಲೋಮೀಟರಿಗೆ ಒಂದು ಗಂಟೆ, ಮೇಲಿಂದ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ಎರಡು ತಾಸಿನ ದಾರಿ. ನನಗೆ ಅರವತ್ತೊಂದು ವರ್ಷ, ಮೂರು ತಾಸು ಹಿಡಿಯಿತು. ನಿಮ್ಮ ಲೆಕ್ಕಕ್ಕೂ ಅರ್ಧ ಪಾಲು ಸೇರಿಸಿಕೊಳ್ಳಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹಸಿರು ಗೀಟುಗಳು.

ನಮ್ಮಲ್ಲಿ 'ನಕಾಶೆ ಕಂಡ ದಾರಿ' ಅಂತಾರೆ. ಗ್ರಾಮ ನಕಾಶೆಯಲ್ಲಿ ಗುರುತಾದ ಬಂಡಿದಾರಿ, ಕಾಲುದಾರಿ. ಯಾರ ಹೊಲದಲ್ಲಿ ಹಾದು ಹೋಗಿದ್ದರೂ ಅದನ್ನು ಮುಚ್ಚುವ ಹಾಗಿಲ್ಲ. ಸಿರುಗುಪ್ಪದ ಕಡೆ ಒಂದು ಊರಿನಲ್ಲಿ ಒಬ್ಬ ಮುದುಕಿಯ ಎರಡು ಎಕರೆ ಮೂವತ್ತು ಸೆಂಟು ಹೊಲ ಇತ್ತು. ಅಲ್ಲಿಗೆ ಹೋಗುವ ಬಂಡಿದಾರಿಯನ್ನು ಪಕ್ಕದವರು ಗದ್ದೆಗೆ ಸೇರಿಸಿಕೊಂಡು ನಾಟಿ ಮಾಡಿಬಿಟ್ಟಿದ್ದರು. ನಾಲ್ಕು ಸಲ ಹೋಗಿ ಅಳೆದೆ. ಗೆರೆ ನಕಾಶೆಯಲ್ಲಿ ಸ್ಪಷ್ಟವಾಗಿತ್ತು, ನೆಲದ ಮೇಲೆ ಭತ್ತ ನಿಂತಿತ್ತು. "ನಕಾಶೇಲಿ ಐತಿ ಅಂತೀರಿ, ಕಾಲಿಗೆ ಯಾಕಿಲ್ಲ ಸಾಹೇಬ್ರ?" ಅಂತ ಆಕೆ ಕೇಳಿದಳು. ಆ ನಕಾಶೆ ಕಚೇರಿಯ ಕಪಾಟಿನಲ್ಲಿತ್ತು. ತನ್ನ ದಾರಿಯ ಗೆರೆಯನ್ನು ಆಕೆ ಅದುವರೆಗೆ ಕಣ್ಣಿಂದ ನೋಡಿರಲಿಲ್ಲ.

ಈಡೇಲಿನ ಹಾಳೆ ಬಿಚ್ಚಿದಾಗ ಆಕೆಯ ಮುಖವೇ ಕಣ್ಣ ಮುಂದೆ ಬಂತು. ಇದರಲ್ಲಿ ಕಾಲುದಾರಿಯ ಹಕ್ಕನ್ನು ಹಸಿರು ತುಂಡುಗೀಟಿನಲ್ಲಿ ಬರೆದಿದ್ದಾರೆ. ಸಣ್ಣ ಗೀಟು ನಡೆಯುವವರಿಗೆ, ಉದ್ದ ಗೀಟು ಕುದುರೆ, ಸೈಕಲ್ಲಿಗೂ ಸೇರಿ. ನೆಲದ ಮೇಲೆ ಬರೀ ಜಾಡು ಇದೆ, ಹಕ್ಕು ದಾಖಲಾಗಿಲ್ಲ ಅಂದರೆ ಅದಕ್ಕೆ ಕಪ್ಪು ತುಂಡುಗೀಟು. ಇಷ್ಟಲ್ಲದೆ, ದಾರಿ ಬಿಟ್ಟು ಎಲ್ಲಿ ಬೇಕಾದರೂ ಕಾಲಿಡಬಹುದಾದ ಬೆಟ್ಟದ ಬಯಲಿಗೆ ತಿಳಿ ಹಳದಿ ಬಣ್ಣ ಬಳಿದಿದ್ದಾರೆ. ಕಪ್ಪು ಜಾಡು ಕಂಡ ಮಾತ್ರಕ್ಕೆ ಹಕ್ಕಿದೆ ಅಂತ ತಿಳಿಯಬೇಡಿ ಎಂಬ ಎಚ್ಚರಿಕೆಯನ್ನೂ ಹಾಳೆಯ ಅಂಚಿನಲ್ಲೇ ಅಚ್ಚು ಹಾಕಿದ್ದಾರೆ. ಇಷ್ಟು ಪ್ರಾಮಾಣಿಕವಾದ ನಕಾಶೆಯನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿಲ್ಲ.

ಇದೇನು ಸುಮ್ಮನೆ ಸಿಕ್ಕಿದ್ದಲ್ಲ. ಆರ್ಡ್ನೆನ್ಸ್ ಸರ್ವೇ ಶುರುವಾದದ್ದು 1791ರಲ್ಲಿ, ದಂಡಿನ ಕೆಲಸಕ್ಕೆ. ನಮ್ಮ ಕಡೆಯೂ ಬ್ರಿಟಿಷರ ಸರ್ವೇ ಬಂದದ್ದು ದಂಡು, ಕಂದಾಯ ಎರಡರ ಹಿಂದೆಯೇ. ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ನಾವು ಇಂದಿಗೂ ಸೆಂಟಿನಲ್ಲಿ ಲೆಕ್ಕ ಹಾಕುತ್ತೇವೆ. ಅದರ ಬೇರು ಇಂಗ್ಲೆಂಡಿನ ಗುಂಟರ್ ಸರಪಳಿ: 66 ಅಡಿ, ನೂರು ಕೊಂಡಿ, ಹತ್ತು ಚದರ ಸರಪಳಿಗೆ ಒಂದು ಎಕರೆ. ಅದೇ ಅಳತೆಯ ಜನ ತಮ್ಮ ಬೆಟ್ಟದಲ್ಲಿ ತಾವೇ ನಡೆಯುವ ಹಾಗಿರಲಿಲ್ಲ ಅಂತ ತಿಳಿದಾಗ ನನಗೆ ಆಶ್ಚರ್ಯವಾಯಿತು. ಕಿಂಡರ್ ಬೆಟ್ಟವನ್ನು ಒಡೆಯರು ಗ್ರೌಸ್ ಎಂಬ ಹಕ್ಕಿಯ ಬೇಟೆಗೆ ಕಾಯ್ದಿಟ್ಟುಕೊಂಡಿದ್ದರು. 1932ರ ಏಪ್ರಿಲ್ 24, ಭಾನುವಾರ, ನೂರಾರು ಜನ ದುಡಿಯುವ ಹುಡುಗ-ಹುಡುಗಿಯರು ಹೇಫೀಲ್ಡ್ ಕಡೆಯಿಂದ ಬೇಕೆಂದೇ ಬೆಟ್ಟ ಹತ್ತಿದರು. ಮುಂದೆ ನಿಂತವನು ಬೆನ್ನಿ ರಾಥ್‌ಮನ್, ಇಪ್ಪತ್ತರ ಹುಡುಗ. ಕಾವಲುಗಾರರ ಜೊತೆ ತಳ್ಳಾಟವಾಯಿತು. ಐವರಿಗೆ ಜೈಲಾಯಿತು, ರಾಥ್‌ಮನ್‌ಗೆ ನಾಲ್ಕು ತಿಂಗಳು. 1949ರಲ್ಲಿ ಬಂದ ಕಾನೂನು, ಜಿಲ್ಲೆ ಜಿಲ್ಲೆಯ ಕಾಲುದಾರಿಗಳನ್ನೂ ನಕಾಶೆಯಲ್ಲಿ ಗುರುತಿಸಿ ಅಂತ ಅಲ್ಲಿನ ಕೌಂಟಿ ಆಡಳಿತಗಳಿಗೆ ಹೇಳಿತು. ಹಸಿರು ಗೀಟು ಅಲ್ಲಿಂದ ಬಂತು. 1951ರಲ್ಲಿ ಕಿಂಡರ್ ಇರುವ ಪೀಕ್ ಡಿಸ್ಟ್ರಿಕ್ಟ್ ಸೀಮೆ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಹಳದಿ ಬಣ್ಣ, ಬೆಟ್ಟದ ಬಯಲಿನಲ್ಲಿ ನಡೆಯುವ ಹಕ್ಕು ಕೊಟ್ಟ 2000ರ ಕಾನೂನಿನದು. ಹಾಳೆಯ ಮೇಲಿನ ಒಂದೊಂದು ಬಣ್ಣದ ಹಿಂದೆ ಒಂದೊಂದು ಜಗಳ ಇದೆ.

ಇನ್ನು ಬೆಟ್ಟದ ಮೇಲೆ ಇದು ಹೇಗೆ ಕೆಲಸ ಮಾಡಿತು ಅಂತ ಹೇಳಬೇಕು.

ಮೊದಲ ಸಲ ಬಿಸಿಲಿತ್ತು. ಈಡೇಲಿನಿಂದ ಹೊಲಗಳ ನಡುವೆ ಕಲ್ಲುಗೋಡೆ ದಾಟುತ್ತಾ ಅಪ್ಪರ್ ಬೂತ್, ಅಲ್ಲಿಂದ ಜೇಕಬ್ಸ್ ಲ್ಯಾಡರ್ ಎಂಬ ಕಲ್ಲು ಮೆಟ್ಟಿಲು. ಅಂಜನಾದ್ರಿ ಹತ್ತಿದವರಿಗೆ ಈ ಮೆಟ್ಟಿಲು ಏನೂ ಅನ್ನಿಸುವುದಿಲ್ಲ. ಮೇಲೆ ಹೋದಾಗ ಕಷ್ಟ ಗೊತ್ತಾಗುತ್ತದೆ. ನಮ್ಮ ಕಣ್ಣಿಗೆ ಬೆಟ್ಟ ಅಂದರೆ ಬಳ್ಳಾರಿ ಗುಡ್ಡದ ಹಾಗೆ ಕಲ್ಲು, ತುದಿ, ತುದಿಯಲ್ಲೊಂದು ಕೋಟೆ. ಕಿಂಡರಿಗೆ ತುದಿಯೇ ಇಲ್ಲ. ಹೆಚ್ಚೆಂದರೆ 636 ಮೀಟರ್ ಎತ್ತರದಲ್ಲಿ ಮೈಲಿಗಟ್ಟಲೆ ಚಪ್ಪಟೆ ಬಯಲು, ಮರ ಒಂದೂ ಇಲ್ಲ, ಹೆದರ್ ಪೊದೆ, ಬಿಳಿ ಹತ್ತಿ ಹಿಡಿದ ಹುಲ್ಲು, ಕಪ್ಪು ಮಣ್ಣು. ಮೂರ್‌ಲ್ಯಾಂಡ್ ಅನ್ನುತ್ತಾರೆ. ಮಣ್ಣು ನೋಡಿ ನಮ್ಮ ಎರೆ ಭೂಮಿ ಅಂದುಕೊಂಡು ಬಗ್ಗಿ ಹಿಡಿದೆ. ಎರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ಹಿಡಿಸುವಷ್ಟು ಬಾಯಿ ತೆರೆಯುತ್ತದೆ. ಇದು ಪೀಟ್, ಸಾವಿರಾರು ವರ್ಷ ಕೊಳೆಯದೆ ಕೂತ ಪಾಚಿ. ಹಿಂಡಿದರೆ ನೀರು ಸುರಿಯುತ್ತದೆ.

ಕಿಂಡರ್ ಲೋದಲ್ಲಿ ಬಂಡೆಯ ಮೇಲೆ ಸರ್ವೇ ಕಂಬ ಇದೆ, 633 ಮೀಟರು. 1936ರಿಂದ ದೇಶವನ್ನು ಹೊಸದಾಗಿ ತ್ರಿಕೋನಗಳಲ್ಲಿ ಅಳೆಯಲು ಇಂಥ ಸಾವಿರಾರು ಕಂಬ ಕಟ್ಟಿದರು. ಮೇಲಿನ ಹಿತ್ತಾಳೆಯ ತಟ್ಟೆಯಲ್ಲಿ ಕೋನ ಅಳೆಯುವ ಥಿಯೊಡೊಲೈಟ್ ಕೂರಿಸುವ ಮೂರು ಗೀರುಗಳಿರುತ್ತವೆ. ಅದರ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತೆ. ಅಷ್ಟು ದೂರದಲ್ಲಿ ನಮ್ಮ ಕಸುಬಿನವರ ಗುರುತು ಸಿಕ್ಕಿತು ಅಂತ ಗಂಟಲು ಕಟ್ಟಿತು. ಅಲ್ಲೇ ಗಾಳಿಗೆ ಬೆನ್ನು ಕೊಟ್ಟು ಕೂತು ಕಟಕ್ ರೊಟ್ಟಿ, ಗುರೆಳ್ಳು ಪುಡಿ ತಿಂದೆವು.

ಎರಡನೇ ಸಲ ಅಳಿಯಂದಿರು ಜೊತೆಗಿದ್ದರು. ಕಂಬದ ಹತ್ತಿರ ಬರುವುದಕ್ಕೂ ಮಂಜು ಇಳಿಯುವುದಕ್ಕೂ ಸರಿಹೋಯಿತು. ಹತ್ತು ಹೆಜ್ಜೆ ಮುಂದಿನ ಬಂಡೆ ಕಾಣಲಿಲ್ಲ. "ಮಾವ, ವಾಪಸ್ ಹೋಗೋಣ್ರೀ" ಅಂದರು. ನಾನು ಹಾಳೆಯನ್ನು ಅಂಗೈ ಅಗಲಕ್ಕೆ ಮಡಚಿ ದಿಕ್ಸೂಚಿ ಇಟ್ಟೆ. ನಕಾಶೆಯ ಚೌಕಗಳ ಲೆಕ್ಕದಲ್ಲಿ ಕಂಬ ಇರುವ ಜಾಗ ಎಸ್‌ಕೆ 079 870. ಕಿಂಡರ್ ಡೌನ್‌ಫಾಲ್ ಎಂಬ ಜಲಪಾತ ಅಲ್ಲಿಂದ ಹೆಚ್ಚು ಕಡಿಮೆ ನೇರ ಉತ್ತರಕ್ಕೆ, ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಎಡಗಡೆ ಅಂಚು, ಬಲಗಡೆ ಪೀಟ್ ಬಯಲು. ಅಂಚಿನ ಗುಂಟ ಪೆನೈನ್ ವೇ ಎಂಬ ದೂರದ ಕಾಲುದಾರಿ ಹೋಗುತ್ತದೆ. ನೂರು ಮೀಟರಿಗೆ ನನ್ನ ಹೆಜ್ಜೆ ಎಷ್ಟು ಅಂತ ಸರ್ವೀಸಿನಿಂದಲೇ ಗೊತ್ತು. ಎಣಿಸುತ್ತಾ ಹೋದೆವು. ನಕಾಶೆಯಲ್ಲಿ ತೊರೆ ದಾಟುವ ಕಡೆ ತೊರೆ ಬಂತು, ಗೆರೆ ಬಾಗುವ ಕಡೆ ಅಂಚು ಬಾಗಿತು. ಜಲಪಾತ ಕಣ್ಣಿಗೆ ಬೀಳುವ ಮೊದಲು ಮುಖಕ್ಕೆ ಹನಿ ಬಿತ್ತು. ಪಡುವಣ ಗಾಳಿ ಜೋರಾದರೆ ಅಲ್ಲಿ ನೀರು ಮೇಲಕ್ಕೆ ಹಾರುತ್ತದೆ. ಅಳಿಯಂದಿರ ಫೋನು ಚಳಿಗೆ ಆಗಲೇ ಆರಿಹೋಗಿತ್ತು. ಬಂದ ದಾರಿಯಲ್ಲೇ ಇಳಿದೆವು.

ಕುಂದುಗಳೂ ಇವೆ. ಅಕ್ಷರ ತೀರಾ ಸಣ್ಣವು. ನನ್ನ ಕನ್ನಡಕ ಸಾಲದೆ ಭೂತಗನ್ನಡಿ ಒಯ್ಯಬೇಕಾಯಿತು. ಲೇಪದ ಹಾಳೆ ದಪ್ಪ, ಹೊಸದಿದ್ದಾಗ ಮಡಿಕೆ ಕೂರುವುದಿಲ್ಲ, ಗಾಳಿಯಲ್ಲಿ ಬಿಚ್ಚಿದರೆ ಪಟಪಟ ಹೊಡೆದು ಕೈ ಬಿಡಿಸಿಕೊಳ್ಳುತ್ತದೆ. ಮನೆಯಲ್ಲೇ ಬೇಕಾದ ಭಾಗ ಹೊರಗೆ ಬರುವಂತೆ ಮಡಚಿಕೊಂಡು ಹೋಗಿ. ಇದಕ್ಕಿಂತ ದೊಡ್ಡ ಕುಂದು ನೆತ್ತಿಯ ಬಯಲಿನದು. ಪೀಟ್ ಮಣ್ಣನ್ನು ನೀರು ಕೊರೆದು ಆಳುದ್ದ ಕೊರಕಲುಗಳಾಗಿವೆ, ಗ್ರಫ್ ಅನ್ನುತ್ತಾರೆ. ಹಾಳೆಯಲ್ಲಿ ಅವು ಬರೀ ತೆಳು ನೀಲಿ ಎಳೆ. ಆ ಎಳೆ ನೋಡಿ ನೇರ ಹೋಗುತ್ತೇನೆ ಅಂದವರು ಇಳಿದು ಹತ್ತಿ, ಇಳಿದು ಹತ್ತಿ ಸುಸ್ತಾಗುತ್ತಾರೆ. ಹೊಸಬರು ಅಂಚಿನ ದಾರಿ ಬಿಡಬಾರದು. ಹಸಿರು ಗೀಟು ಇದ್ದ ಕಡೆ ನೆಲದ ಮೇಲೆ ಜಾಡು ಇದ್ದೇ ಇರುತ್ತದೆ ಅಂತಲೂ ನಂಬಬೇಡಿ. ಒಂದು ಕಡೆ ಬರೀ ಹುಲ್ಲಿನಲ್ಲಿ ನಡೆದೆವು. ಆದರೆ ಅಡ್ಡ ಯಾರೂ ಬರಲಿಲ್ಲ, ಗೋಡೆ ಬಂದ ಕಡೆ ದಾಟಲು ಕಲ್ಲು ಮೆಟ್ಟಿಲಿತ್ತು. ಅಲ್ಲಿ ಮತ್ತೆ ಆ ಮುದುಕಿ ನೆನಪಾದಳು.

ಶಿಳ್ಳೆ ಒಂದು ಜೇಬಿನಲ್ಲಿರಲಿ. ತೊಂದರೆಯಾದರೆ ನಿಮಿಷಕ್ಕೆ ಆರು ಸಲ ಊದಬೇಕು. ಫೋನ್ ಸಿಕ್ಕರೆ 999, ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಅಂತ ಕೇಳಬೇಕು. ಬರುವವರು ಸ್ವಯಂಸೇವಕರು, ದುಡ್ಡು ತೆಗೆದುಕೊಳ್ಳುವುದಿಲ್ಲ.

ಮಕ್ಕಳು ಲೀಡ್ಸ್ ಕಡೆ ಇದ್ದರೆ ನಿಮಗೆ ಬೇಕಾದದ್ದು ಓಎಲ್ 2. ಯಾರ್ಕ್‌ಷೈರಿನ ಮೂರು ಬೆಟ್ಟ, ವರ್ನ್‌ಸೈಡ್ 736, ಇಂಗಲ್‌ಬರೊ 723, ಪೆನಿಗೆಂಟ್ 694 ಮೀಟರು, ಅದರಲ್ಲಿವೆ. ಪೆಂಡಲ್ ಬೆಟ್ಟಕ್ಕೆ ಓಎಲ್ 41. ಓಎಲ್ 2 ಅನ್ನು ಮಗಳು ಕೊಂಡಿಟ್ಟಿದ್ದಾಳೆ. ಇಂಗಲ್‌ಬರೊ ನೆತ್ತಿಯಲ್ಲಿ ಹಳೇ ಕೋಟೆಯ ಗೋಡೆ ಇದೆಯಂತೆ, ಮುಂದಿನ ಸಲ ಅಲ್ಲಿಗೆ. ಓಎಲ್ 1 ಈಗ ನಮ್ಮ ಕಪ್ಪಗಲ್ಲು ರಸ್ತೆಯ ಮನೆಯಲ್ಲಿ ಟೇಬಲ್ ಗಾಜಿನ ಕೆಳಗಿದೆ. ಇಲಾಖೆಯ ಹೊಸ ಹುಡುಗರು ಮಾತಾಡಿಸಲು ಬಂದರೆ ಮೊದಲು ಹಸಿರು ಗೀಟು ತೋರಿಸುತ್ತೇನೆ.