ಮೈಸೂರಿನ ಚೌಕಾಸಿ ಕಾರ್ಯಾಗಾರ: ಬೆಳಗಿನ ಅರ್ಧಕ್ಕೆ ದುಡ್ಡು ಕೊಡಬಹುದು

ವ್ಯಾಪಾರದ ಮಾತುಕತೆಯಲ್ಲಿ ಗೆಲ್ಲುವುದು ಹೇಗೆ ಅಂತ ಕಲಿಸುವ ಒಂದು ದಿನದ ಕಾರ್ಯಾಗಾರ. ಮೈಸೂರಿನ ಯಾದವಗಿರಿ ಕಡೆ ಒಂದು ಹೋಟೆಲ್ ಹಾಲ್‌ನಲ್ಲಿ ನಡೆಯಿತು. ಫೀಸು 3,500 ರೂಪಾಯಿ, ಊಟ ಸೇರಿ. ಎದುರಿನವರ ಮನಸ್ಸು ಓದಿ, ಧೈರ್ಯವಾಗಿ ಪಟ್ಟು ಹಾಕಿ ಒಪ್ಪಿಸುವುದು ಹೇಳಿಕೊಡ್ತೀವಿ ಅಂತ ಜಾಹೀರಾತು. ನಡೆಸಿದವರ ಹೆಸರು ಹಾಕುತ್ತಿಲ್ಲ. ಒಬ್ಬರನ್ನೇ ಬೆರಳು ಮಾಡಿ ತೋರಿಸುವುದು ನನ್ನ ಉದ್ದೇಶವಲ್ಲ.

ನಮ್ಮದು ಮಂಡ್ಯದ ಹತ್ತಿರ ಆಲೆಮನೆ, ಮಾವನವರ ಕಾಲದ್ದು. ಬೆಲ್ಲ ಪುಡಿ ಮಾಡಿ, ಪ್ಯಾಕೆಟ್ ಕಟ್ಟಿ ಬೆಂಗಳೂರಿನ ಅಂಗಡಿಗಳಿಗೆ ಕಳಿಸುವ ಕೆಲಸ ನಾನು ಶುರು ಮಾಡಿದ್ದು. ಕಬ್ಬಿನವರು, ಲಾರಿಯವರು, ಮಂಡಿಯವರು, ಇವರ ಜೊತೆ ಮಾತಿಗೆ ನಾನು ಸೋಲುವುದಿಲ್ಲ. ಎಸಿ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಖರೀದಿ ಮ್ಯಾನೇಜರ್ ಮುಂದೆ ಮಾತ್ರ ರೇಟು ಜಗ್ಗುತ್ತಲೇ ಇರಲಿಲ್ಲ. ಅದಕ್ಕೇ ಸೇರಿದೆ.

ಬೆಳಗಿನ ಪಾಠ ನಿಜಕ್ಕೂ ಚೆನ್ನಾಗಿತ್ತು. ಟ್ರೈನರ್ ಎಲ್ಲರಿಗೂ ಮಡಚಿದ ಚೀಟಿ ಹಂಚಿದರು. ಕೆಲವರ ಚೀಟಿಯಲ್ಲಿ 200 ಅಂತ ಇತ್ತು, ಇನ್ನು ಕೆಲವರದ್ದರಲ್ಲಿ 2,000. ಆಮೇಲೆ ಮೇಜಿನ ಮೇಲೆ ಒಂದು ಹಿತ್ತಾಳೆ ದೀಪ ಇಟ್ಟು, ಇದರ ಬೆಲೆ ಎಷ್ಟಿರಬಹುದು ಬರೆಯಿರಿ ಅಂದರು. ಚೀಟಿಗೂ ದೀಪಕ್ಕೂ ಸಂಬಂಧವೇ ಇಲ್ಲ. ಆದರೂ 200 ನೋಡಿದ ನಾನು 450 ಬರೆದೆ. ಪಕ್ಕದಲ್ಲಿ ಸೀರೆ ಅಂಗಡಿಯ ಹುಡುಗ, 2,000 ನೋಡಿದವನು, 1,100 ಬರೆದಿದ್ದ. ಇಬ್ಬರೂ ಹಾಳೆ ಅದಲು ಬದಲು ಮಾಡಿ ನೋಡಿಕೊಂಡು ನಕ್ಕೆವು.

ಇದರ ಮೂಲ ಟ್ವರ್ಸ್ಕಿ ಮತ್ತು ಕಾನೆಮನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಪ್ರಯೋಗ. 10 ಅಥವಾ 65ರಲ್ಲೇ ನಿಲ್ಲುವ ಹಾಗೆ ಮೊದಲೇ ಸರಿಮಾಡಿಟ್ಟ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳಿದ್ದರಂತೆ. 10 ನೋಡಿದವರ ಅಂದಾಜು 25ರ ಸುತ್ತ, 65 ನೋಡಿದವರದ್ದು 45ರ ಸುತ್ತ. ಮೊದಲು ಕಿವಿಗೆ ಬಿದ್ದ ಅಂಕಿಯ ಸುತ್ತಲೇ ಮನಸ್ಸು ಸುತ್ತುತ್ತದೆ ಅಂತ ಆಯಿತು. ನಮ್ಮ ಕಡೆ ‘ನೀವೇ ಒಂದು ಮಾತು ಹೇಳಿ ಸಾರ್’ ಅನ್ನುವುದು ಮರ್ಯಾದೆ. ಖರೀದಿ ಮಾಡುವ ಸಾರ್ ಕೆಜಿ ಬೆಲ್ಲಕ್ಕೆ 68 ಅನ್ನುತ್ತಾರೆ. ಆಮೇಲೆ ಎಷ್ಟು ಎಳೆದಾಡಿದರೂ ಎಪ್ಪತ್ತರ ಆಸುಪಾಸಿನಲ್ಲೇ.

ಆಮೇಲಿನದು ಚಾಲ್ದಿನಿ ಅನ್ನುವ ಇನ್ನೊಬ್ಬ ಮನಶ್ಶಾಸ್ತ್ರಜ್ಞರ 1975ರ ಪ್ರಯೋಗ. ಮೊದಲು ದೊಡ್ಡದನ್ನು ಕೇಳಿ ಇಲ್ಲ ಅನ್ನಿಸಿಕೊಂಡು, ಆಮೇಲೆ ಚಿಕ್ಕದನ್ನು ಕೇಳಿದರೆ 50% ಜನ ಒಪ್ಪಿದರು. ನೇರವಾಗಿ ಚಿಕ್ಕದನ್ನೇ ಕೇಳಿದಾಗ ಒಪ್ಪಿದ್ದು 17%. ಪ್ರಯೋಗ ಸರಿ. ಆದರೆ ದೇವರಾಜ ಮಾರ್ಕೆಟ್‌ನಲ್ಲಿ ಹೂವು ಕೊಂಡವರಿಗೆ ಇದು ಹೊಸದಲ್ಲ ಅಲ್ವಾ? ಅವರು ಎರಡರಷ್ಟು ಹೇಳುತ್ತಾರೆ, ನಾವು ಅರ್ಧಕ್ಕೆ ಕೇಳುತ್ತೇವೆ. ಇಬ್ಬರಿಗೂ ಆಟ ಗೊತ್ತಿದ್ದಾಗ ಏನು ಮಾಡಬೇಕು ಅಂತ ಕೇಳಿದೆ. ಸ್ಲೈಡ್ ಮುಂದೆ ಹೋಯಿತು.

ಆಗ ಹಿಂದಿನ ಸಾಲಿನಿಂದ ಕೆ.ಆರ್. ಪೇಟೆ ಕಡೆಯ ಒಬ್ಬ ಹಿರಿಯರು ಎದ್ದರು. ಹೇಮಗಿರಿ ದನಗಳ ಜಾತ್ರೆಯಲ್ಲಿ ವ್ಯಾಪಾರ ಹೇಗೆ ಅಂತ ತೋರಿಸಿದರು. ಹೆಗಲ ಮೇಲಿನ ಟವೆಲ್ ತೆಗೆದು ಸೀರೆ ಅಂಗಡಿ ಹುಡುಗನ ಕೈ ಮೇಲೆ ಹಾಕಿ, ಒಳಗೆ ಅವನ ಬೆರಳು ಹಿಡಿದು ಒತ್ತಿದರು. ರೇಟು ಹೇಳುವುದು ಆ ಬೆರಳಲ್ಲೇ. ಬಾಯಲ್ಲಿ ಮಾತ್ರ ಮಳೆ ವಿಚಾರ ಮಾತಾಡುತ್ತಲೇ ಇದ್ದರು. ಹುಡುಗ ತಲೆ ಅಲ್ಲಾಡಿಸಿದ. ಇನ್ನೊಂದು ಸಲ ಒತ್ತಿದರು. ಸುತ್ತ ನಿಂತ ನಮಗೆ ಒಂದು ಅಂಕಿಯೂ ಗೊತ್ತಾಗಲಿಲ್ಲ. ‘ಚೆನ್ನಾಗಿದೆ, ಜಾನಪದ’ ಅಂತ ಟ್ರೈನರ್ ಚಪ್ಪಾಳೆ ಹೊಡೆಸಿ ಕೂರಿಸಿಬಿಟ್ಟರು.

ನನಗೆ ಬೇಜಾರಾಗಿದ್ದು ಅಲ್ಲೇ. ಅವರ ಬೆಳಗಿನ ಪಾಠಕ್ಕೆ ಉತ್ತರ ಆ ಟವೆಲ್ ಕೆಳಗೇ ಇತ್ತು. ಮೊದಲ ಅಂಕಿ ಎಲ್ಲರ ತಲೆಯಲ್ಲೂ ಕೂರುತ್ತೆ ಅಂದಮೇಲೆ, ಕೊನೆಗೆ ಕುದುರಿದ ರೇಟು ಪಕ್ಕದವನ ಕಿವಿಗೆ ಬೀಳಬಾರದು. ಬಿದ್ದರೆ ಮುಂದಿನ ಗಿರಾಕಿ ಅಲ್ಲಿಂದಲೇ ಶುರು ಮಾಡುತ್ತಾನೆ. ಇಳಿದುಬಂದವನಿಗೆ ನಾಲ್ಕು ಜನರ ಮುಂದೆ ಸೋತ ಹಾಗೂ ಆಗುವುದಿಲ್ಲ. ಅದನ್ನೇ ಅರ್ಧ ಗಂಟೆ ಬಿಡಿಸಿ ಹೇಳಿದ್ದರೆ ಫೀಸು ಅಲ್ಲಿಗೇ ವಸೂಲಾಗುತ್ತಿತ್ತು.

ಊಟದ ನಂತರ ‘ಧೈರ್ಯದ ನಡೆ’. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಹೋಗುವುದು, ಇವತ್ತು ಸಂಜೆಯೇ ಕೊನೆ ಅನ್ನುವುದು, ಇಲ್ಲದ ಗಿರಾಕಿಯನ್ನು ಇದ್ದಾನೆ ಅನ್ನುವುದು. ಕೊನೆಯದು ನನಗೆ ಸುತರಾಂ ಹಿಡಿಸಲಿಲ್ಲ. ಮಂಡ್ಯದ ಬೆಲ್ಲದ ಮಂಡಿಯಲ್ಲಿ ಯಾರ ಲೋಡು ಯಾರಿಗೆ ಹೋಯಿತು ಅಂತ ಸಂಜೆಯೊಳಗೆ ಎಲ್ಲರಿಗೂ ಗೊತ್ತಿರುತ್ತೆ. ಅಲ್ಲಿ ಈ ಬೊಗಳೆ ಒಂದು ವಾರವೂ ನಡೆಯಲ್ಲ. ಎದ್ದುಹೋಗುವ ಧೈರ್ಯ ಬರಬೇಕಾದರೆ ನಿಜವಾಗಿ ಇನ್ನೊಬ್ಬ ಗಿರಾಕಿ ಇರಬೇಕು. ನಾನು ಮೊದಲು ಮೈಸೂರಿನ ಒಂದು ಸಿಹಿ ಅಂಗಡಿಯ ಆರ್ಡರ್ ಗಟ್ಟಿ ಮಾಡಿಕೊಂಡೆ. ಆಮೇಲೇ ಬೆಂಗಳೂರಿಗೆ ಹೋದದ್ದು.

ಅಲ್ಲಿ ಬೆಳಗಿನ ಪಾಠ ಕೈ ಹಿಡಿಯಿತು. ಕಬ್ಬು, ಕೂಲಿ, ಪ್ಯಾಕಿಂಗ್ ಲೆಕ್ಕದ ಜೊತೆ ಕೆಜಿಗೆ 96 ಅಂತ ಹಿಂದಿನ ದಿನವೇ ಮೇಲ್ ಕಳಿಸಿದ್ದೆ. ಮ್ಯಾನೇಜರ್ ‘ಇದು ಕಷ್ಟ ಮೇಡಂ’ ಅಂದರು. ನಾನು ಸುಮ್ಮನೆ ಕೂತೆ. ಅವರು ಪೆನ್ನಿನ ಕ್ಯಾಪ್ ತೆಗೆದರು, ಹಾಕಿದರು. ಚಹಾ ಬಂತು. ಕೊನೆಗೆ ಅವರೇ 84 ಅಂದರು. 68ರ ಮಾತೇ ಬರಲಿಲ್ಲ. 87ಕ್ಕೆ ಮುಗಿಯಿತು.

ಆದರೆ ಹಣ 90 ದಿನಕ್ಕೆ ಅಂದರು. ಇದಕ್ಕೆ ಕಾರ್ಯಾಗಾರದಲ್ಲಿ ಮದ್ದೇ ಇರಲಿಲ್ಲ. ನಮ್ಮ ಆಡಿಟರ್ ಹೇಳಿಕೊಟ್ಟಿದ್ದು ಉಪಯೋಗಕ್ಕೆ ಬಂತು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನನ್ನಂಥ ಸಣ್ಣ ಘಟಕಕ್ಕೆ ಹಣ ಕೊಡಲು ಒಪ್ಪಂದ ಇದ್ದರೂ 45 ದಿನವೇ ಗಡುವು. ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನ. 2024-25ರ ಅಸೆಸ್‌ಮೆಂಟ್ ವರ್ಷದಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದ್ದಾರೆ. ಗಡುವು ಮೀರಿದರೆ ಕೊಳ್ಳುವವರು ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲೇ ತೋರಿಸಬೇಕು, ಅಲ್ಲಿಯವರೆಗೆ ತೆರಿಗೆ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ. ನಮ್ಮದು ಸಣ್ಣ ಘಟಕ ಅಂತ ನೋಂದಣಿಯಾದ ಉದ್ಯಮ್ ಸರ್ಟಿಫಿಕೇಟ್ ಮೇಜಿನ ಮೇಲಿಟ್ಟೆ, ದನಿ ಏರಿಸಲಿಲ್ಲ. ಅವರು ಅಕೌಂಟ್ಸ್‌ಗೆ ಫೋನ್ ಮಾಡಿ 45 ಅಂತ ಬರೆದುಕೊಂಡರು.

ಹೊಸದಾಗಿ ವ್ಯಾಪಾರಕ್ಕೆ ಇಳಿದವರು, ರೇಟು ಹೇಳಲು ಹಿಂಜರಿಯುವವರು ಹೋಗಬಹುದು. ಮಂಡಿಯಲ್ಲಿ ಪಳಗಿದವರಿಗೆ ಮಧ್ಯಾಹ್ನದ ಹೊತ್ತು ದಂಡ. ಬೆಳಗಿನದನ್ನಷ್ಟೇ 1,500ಕ್ಕೆ ಇಟ್ಟರೆ ನಮ್ಮ ಪ್ಯಾಕಿಂಗ್ ಹುಡುಗಿಯನ್ನೂ ಕಳಿಸುತ್ತೇನೆ. ಪಾಠ ಕನ್ನಡದಲ್ಲೇ ಇದ್ದರೂ ಕೈಗೆ ಕೊಡುವ ಪುಸ್ತಿಕೆ ಪೂರ್ತಿ ಇಂಗ್ಲಿಷ್. ಕನ್ನಡದ್ದು ಬೇಕಾದರೆ ದುಡ್ಡು ಕಟ್ಟುವ ಮುಂಚೆಯೇ ಕೇಳಿ.