ಜೆ.ಸಿ. ರಸ್ತೆಯ ಬಿಡಿಭಾಗಗಳ ಮಾರುಕಟ್ಟೆ: ತಮ್ಮ ಕಾರನ್ನು ತಾವೇ ನೋಡಿಕೊಳ್ಳುವವರ ದೃಷ್ಟಿಯಿಂದ

ಟೌನ್‌ಹಾಲ್‌ನಿಂದ ಮಿನರ್ವ ವೃತ್ತದವರೆಗಿನ ಜೆ.ಸಿ. ರಸ್ತೆ ಮತ್ತು ಅದರ ಅಡ್ಡರಸ್ತೆಗಳು ಬೆಂಗಳೂರಿನ ಮೆಕ್ಯಾನಿಕ್‌ಗಳಿಗೆ ದಶಕಗಳಿಂದ ಬಿಡಿಭಾಗಗಳ ಉಗ್ರಾಣವಾಗಿವೆ. ಎಂಜಿನ್ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್‌ಗಳನ್ನು ಮನೆಯ ಬಳಿಯೇ ಸ್ವತಃ ಬದಲಿಸಿಕೊಳ್ಳುವ ಮಾಲೀಕರಿಗೂ ಈ ಮಾರುಕಟ್ಟೆ ಒದಗಿ ಬರುತ್ತದೆಯೇ ಎಂದು ಹಲವರು ಕೇಳುತ್ತಾರೆ. ಖಂಡಿತ ಒದಗಿ ಬರುತ್ತದೆ, ಪಾರ್ಟ್ ನಂಬರ್ ಬರೆದುಕೊಂಡು ಹೋದರೆ.

ಯಾವ ಅಂಗಡಿಯ ಕೌಂಟರ್ ಮುಂದೆ ನಿಂತರೂ ಮೊದಲು ಬರುವ ಪ್ರಶ್ನೆ, “ಕಂಪನಿದು ಬೇಕಾ ಸರ್, ಲೋಕಲ್ ಸಾಕಾ?” ಕಂಪನಿಯದು ಎಂದರೆ ಕಾರು ತಯಾರಕರ ಡಬ್ಬಿಯಲ್ಲಿ ಬರುವ ಮಾಲು, ಉದಾಹರಣೆಗೆ ಮಾರುತಿಯ ಎಂಜಿಪಿ ಅಥವಾ ಹ್ಯುಂಡೈನ ಮೋಬಿಸ್. ಲೋಕಲ್ ಎಂದರೆ ಆಕಾರದಲ್ಲಿ ಅದನ್ನೇ ಹೋಲುವ ಅಗ್ಗದ ಮಾಲು. ಇವೆರಡರ ನಡುವೆ ಮೂರನೆಯದೊಂದಿದೆ, ಜೆ.ಸಿ. ರಸ್ತೆಗೆ ಹೋಗಬೇಕಾದದ್ದೇ ಅದಕ್ಕಾಗಿ. ಪ್ಲಗ್, ಫಿಲ್ಟರ್, ಕ್ಲಚ್, ಬ್ರೇಕ್‌ಗಳಲ್ಲಿ ಬಹುಪಾಲನ್ನು ಕಾರಿನ ಕಂಪನಿಗಳು ತಾವೇ ತಯಾರಿಸುವುದಿಲ್ಲ. ಬಾಷ್, ಮಾಹ್ಲೆ, ವಾಲಿಯೊ, ಬ್ರೇಕ್ಸ್ ಇಂಡಿಯಾ, ಎನ್‌ಜಿಕೆಯಂಥ ತಯಾರಕರಿಂದ ಕೊಳ್ಳುತ್ತವೆ, ಅದೇ ತಯಾರಕರು ತಮ್ಮದೇ ಡಬ್ಬಿಯಲ್ಲಿ ಮಾರುಕಟ್ಟೆಗೂ ಮಾಲು ಬಿಡುತ್ತಾರೆ. ಈ ಊರಿನವರಿಗೆ ಇದು ಹೊಸ ವಿಷಯವೇನಲ್ಲ. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೇರೂರಿದ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತಾದರೂ, ಹಿರಿಯ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇನ್ನೂ ಮೈಕೋ ಪ್ಲಗ್ಗೇ. ನಿಮ್ಮ ಕಾರಿನಿಂದ ಬಿಚ್ಚಿದ ಮೂಲ ಭಾಗದ ಮೇಲೆ ಯಾವ ತಯಾರಕರ ಗುರುತಿದೆಯೋ ಅವರ ಡಬ್ಬಿಯನ್ನೇ ಕೇಳಿ ಪಡೆಯುವುದು ಬೆಲೆಯಲ್ಲೂ ಗುಣದಲ್ಲೂ ಸರಿಯಾದ ಆಯ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಿನ ಹೆಸರು ಹೇಳಿ ಪಾರ್ಟ್ ಕೇಳುವುದು ಇಲ್ಲಿ ಸಾಲದು. ಒಂದೇ ಮಾದರಿಯಲ್ಲಿ ಪೆಟ್ರೋಲ್, ಡೀಸೆಲ್, ಆಟೊಮ್ಯಾಟಿಕ್ ಎಂದು ಬೇರೆ ಬೇರೆ ಭಾಗಗಳಿರುತ್ತವೆ. ವರ್ಷದ ನಡುವೆಯೇ ಭಾಗ ಬದಲಾಗಿರುವುದೂ ಉಂಟು. ಆರ್‌ಸಿಯಲ್ಲಿರುವ 17 ಅಕ್ಷರ ಮತ್ತು ಅಂಕಿಗಳ ಚಾಸಿಸ್ ನಂಬರ್ ಕೊಟ್ಟರೆ ಅಂಗಡಿಯವರು ಕ್ಯಾಟಲಾಗ್‌ನಲ್ಲಿ ಹುಡುಕಿ ಸರಿಯಾದ ಪಾರ್ಟ್ ನಂಬರ್ ತೆಗೆದುಕೊಡುತ್ತಾರೆ. ಹಳೆಯ ಭಾಗವನ್ನೇ ಒಂದು ಪೇಪರಿನಲ್ಲಿ ಸುತ್ತಿಕೊಂಡು ಹೋದರೆ ಇನ್ನೂ ಒಳ್ಳೆಯದು. ಸವೆದ ಬುಷ್ಷನ್ನು (ಕೀಲುಗಳಲ್ಲಿ ಕೂರುವ ಸಣ್ಣ ಕೊಳವೆಯಂಥ ಭಾಗ) ಅಂಗೈಯಲ್ಲಿ ಒಮ್ಮೆ ತಿರುಗಿಸಿ ನೋಡಿ ಅದು ಯಾವ ಗಾಡಿಯದೆಂದು ಹೇಳಬಲ್ಲ ಹಿರಿಯರು ಈ ಕೌಂಟರ್‌ಗಳ ಹಿಂದೆ ಇದ್ದಾರೆ, ಅವರ ಈ ತಿಳಿವಳಿಕೆಗೆ ಸಮನಾದದ್ದು ಯಾವ ಆನ್‌ಲೈನ್ ಮಳಿಗೆಯಲ್ಲೂ ಸಿಗುವುದಿಲ್ಲ.

ಬ್ರೇಕ್ ಪ್ಯಾಡ್ ಕೊಳ್ಳುವಾಗ ಡಬ್ಬಿಯನ್ನು ಅಲ್ಲೇ ತೆರೆಸಿ ನೋಡಬೇಕು. ಉಕ್ಕಿನ ಹಿಂಬದಿಯ ತಟ್ಟೆ ಸಮತಟ್ಟಾಗಿರಬೇಕು, ಬಣ್ಣ ಉಬ್ಬಿರಬಾರದು, ಪ್ಯಾಡಿನ ಪದಾರ್ಥ ತಟ್ಟೆಗೆ ಎಲ್ಲ ಕಡೆಯೂ ಬಿರುಕಿಲ್ಲದೆ ಅಂಟಿರಬೇಕು; ಮೂಲ ಪ್ಯಾಡಿನಲ್ಲಿ ಸದ್ದು ತಡೆಯುವ ಶಿಮ್ ಮತ್ತು ಸವೆತ ತಿಳಿಸುವ ತಗಡಿನ ನಾಲಿಗೆ ಇದ್ದರೆ ಹೊಸದರಲ್ಲೂ ಅವು ಇರಬೇಕು. ಅನೇಕ ಪ್ಯಾಡುಗಳ ಅಂಚಿನಲ್ಲಿ ‘ಎಫ್‌ಎಫ್’ ಅಥವಾ ‘ಜಿಜಿ’ ಎಂಬಂಥ ಎರಡು ಅಕ್ಷರಗಳು ಅಚ್ಚಾಗಿರುತ್ತವೆ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿ, ಎರಡನೆಯ ಅಕ್ಷರ ಪ್ಯಾಡ್ ಚೆನ್ನಾಗಿ ಕಾದಾಗ ಇರುವ ಘರ್ಷಣೆಯ ಪ್ರಮಾಣವನ್ನು ಹೇಳುತ್ತದೆ. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಈ ಅಕ್ಷರಗಳು ಬಾಳಿಕೆಯನ್ನಾಗಲಿ ಗುಣಮಟ್ಟವನ್ನಾಗಲಿ ಹೇಳುವುದಿಲ್ಲ, ಆದರೆ ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ, ನಂದಿ ಬೆಟ್ಟದಿಂದ ಇಳಿಯುವಂಥ ದೀರ್ಘ ಇಳಿಜಾರಿನಲ್ಲಿ ಬ್ರೇಕಿನ ಹಿಡಿತ ಸಡಿಲವಾಗಬಹುದು ಎಂದು ಮೊದಲೇ ತಿಳಿಯುತ್ತದೆ. ಅಂಚಿನಲ್ಲಿ ತಯಾರಕರ ಗುರುತೂ ಇಲ್ಲದ, ಬ್ಯಾಚ್ ನಂಬರೂ ಇಲ್ಲದ ಪ್ಯಾಡ್ ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬೇಡಿ. ಪ್ಯಾಡಿನ ಜೊತೆಗೆ, ಪ್ಯಾಡನ್ನು ಒತ್ತುವ ಕ್ಯಾಲಿಪರ್ ಹಿಂದೆ ಮುಂದೆ ಸರಿಯುವ ಸ್ಲೈಡ್ ಪಿನ್ನಿಗೆ ಹಚ್ಚುವ ಬ್ರೇಕ್ ಗ್ರೀಸಿನ ಸಣ್ಣ ಪೊಟ್ಟಣವನ್ನೂ ತೆಗೆದುಕೊಳ್ಳಿ. ಪ್ಯಾಡ್ ಬದಲಿಸಿದ ಮೇಲೆ ಗಾಡಿ ಹೊರಡಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಒತ್ತಲೇಬೇಕು, ಇಲ್ಲವಾದರೆ ಮೊದಲ ಸಲ ಒತ್ತಿದಾಗ ಬ್ರೇಕ್ ಹಿಡಿಯುವುದೇ ಇಲ್ಲ.

ಬ್ರೇಕ್ ಆಯಿಲ್ ಕೊಳ್ಳುವಾಗ ಸೀಲ್ ಒಡೆಯದ ಚಿಕ್ಕ ಬಾಟಲಿಯನ್ನೇ ಕೇಳಬೇಕು, ಏಕೆಂದರೆ ಅದು ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದಾಗ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ.

ಏರ್ ಫಿಲ್ಟರ್‌ನ ಗುಣ ಅದರ ಸುತ್ತಲಿನ ರಬ್ಬರ್ ಅಂಚಿನಲ್ಲಿದೆ. ಕಾಗದ ಚೆನ್ನಾಗಿದ್ದರೂ ಅಂಚು ಕಾರಿನಲ್ಲಿ ಫಿಲ್ಟರ್ ಕೂರಿಸುವ ಡಬ್ಬಿಗೆ ಸರಿಯಾಗಿ ಹೊಂದದಿದ್ದರೆ ಧೂಳು ಆ ಸಂದಿಯಿಂದಲೇ ಎಂಜಿನ್‌ ಸೇರುತ್ತದೆ. ಹೀಗಾಗಿ ಹಳೆಯದರ ಪಕ್ಕದಲ್ಲಿಟ್ಟು ಅಳತೆಯನ್ನೂ ಮಡಿಕೆಗಳ ಸಂಖ್ಯೆಯನ್ನೂ ಹೋಲಿಸುವುದು ಒಳ್ಳೆಯದು. ಮೆಟ್ರೊ ಕಾಮಗಾರಿಯ ಧೂಳಿನಲ್ಲಿ ದಿನವೂ ಓಡುವ ಕಾರಿಗೆ ಕೈಪಿಡಿಯ ಸಾಮಾನ್ಯ ಅವಧಿಯನ್ನು ಕಾಯದೆ ಬೇಗ ಬದಲಿಸಬೇಕಾಗುತ್ತದೆ. ಎಸಿ ಫಿಲ್ಟರ್ ಬದಲಿಸುವುದಂತೂ ಸುಲಭ. ಅನೇಕ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆಯೇ ಇರುತ್ತದೆ, ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೆ ಬಂದರೆ ಸಾಕು.

ಎಂಜಿನ್ ಆಯಿಲ್ ವಿಷಯದಲ್ಲಿ ಅಂಗಡಿಯವರ ಸಲಹೆಗಿಂತ ಕಾರಿನ ಕೈಪಿಡಿಯೇ ಪ್ರಮಾಣ. ಕೈಪಿಡಿ 0ಡಬ್ಲ್ಯು-20 ಎಂಬ ತೆಳು ದರ್ಜೆ ಹೇಳಿದ್ದರೆ, “ನಮ್ಮ ಬಿಸಿಲಿಗೆ ದಪ್ಪದ ಆಯಿಲ್ ಒಳ್ಳೇದು ಸರ್” ಎಂಬ ಮಾತಿಗೆ 20ಡಬ್ಲ್ಯು-40 ತರಬಾರದು. ಆಯಿಲ್ ಫಿಲ್ಟರ್ ಜೊತೆಗೆ ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೇನ್ ಬೋಲ್ಟಿನ ವಾಷರ್ ಕೂಡ ಕೇಳಿ ತೆಗೆದುಕೊಳ್ಳಿ. ಉಪಕರಣಗಳಲ್ಲಿ ಜ್ಯಾಕ್ ಸ್ಟ್ಯಾಂಡ್ ಜೋಡಿಗೆ ಹಣ ಹಾಕುವುದು ಅತ್ಯಗತ್ಯ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತಲೆ ಹಾಕಬಾರದು. ಇಳಿಸಿದ ಹಳೆಯ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಕ್ಯಾನಿನಲ್ಲಿ ತುಂಬಿ, ಅಧಿಕೃತ ಮರುಬಳಕೆಗೆ ಕಳುಹಿಸುವ ಸರ್ವೀಸ್ ಸೆಂಟರ್‌ಗೆ ಕೊಡಬೇಕು. ಚರಂಡಿಗೆ ಸುರಿದರೆ ಅದು ರಾಜಕಾಲುವೆಯ ಮೂಲಕ ನಮ್ಮ ಕೆರೆಗಳಿಗೇ ಸೇರುತ್ತದೆ.

ಇಲ್ಲಿ ಕೊಳ್ಳಲೇಬಾರದ ವಸ್ತುಗಳೂ ಇವೆ. ಹೆಡ್‌ಲೈಟಿನ ಎಚ್4 ಬಲ್ಬಿನ ಮೂಲ ಸಾಮರ್ಥ್ಯ 60/55 ವ್ಯಾಟ್. ಅದರ ಬದಲು 100/90 ವ್ಯಾಟ್ ಬಲ್ಬ್ ಹಾಕಿದರೆ ವೈರು ಮತ್ತು ಹೋಲ್ಡರ್ ಕರಗಬಹುದು, ರಿಫ್ಲೆಕ್ಟರ್ ಮಂಕಾಗಬಹುದು. ಹ್ಯಾಲೊಜನ್‌ಗಾಗಿ ಮಾಡಿದ ರಿಫ್ಲೆಕ್ಟರ್‌ಗೆ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ಚದುರಿ ಎದುರಿಗೆ ಬರುವವರ ಕಣ್ಣು ಕುಕ್ಕುತ್ತದೆ. ಇವುಗಳನ್ನು ರಾಜಾರೋಷವಾಗಿ ಮಾರುತ್ತಿರುವುದು ಈ ಮಾರುಕಟ್ಟೆಯ ದೊಡ್ಡ ದೋಷ.

ಇನ್ನೊಂದು ದೋಷ ನಕಲಿ ಮಾಲು. ಒಂದು ಅಂಗಡಿಯಲ್ಲಿ ನನಗೆ ತೋರಿಸಿದ ಆಯಿಲ್ ಫಿಲ್ಟರ್ ಡಬ್ಬಿಯ ಮೇಲೆ ಹೆಸರಾಂತ ಕಂಪನಿಯ ಬಣ್ಣಗಳೆಲ್ಲ ಇದ್ದವು, ಆದರೆ ಅಕ್ಷರಗಳ ಅಂಚು ಮಸುಕಾಗಿತ್ತು, ಡಬ್ಬಿಯ ಮೇಲಿನ ನಂಬರ್ ಫಿಲ್ಟರ್ ಮೇಲಿನ ನಂಬರಿಗೆ ಹೊಂದುತ್ತಿರಲಿಲ್ಲ; ಜಿಎಸ್‌ಟಿ ಬಿಲ್ ಕೇಳಿದಾಗ ಆ ಡಬ್ಬಿ ಮರಳಿ ಶೆಲ್ಫಿಗೆ ಹೋಯಿತು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಶೇ. 18ರ ಒಂದೇ ದರವಿದೆ. ಆ ತೆರಿಗೆ ಉಳಿಸಿಕೊಡುತ್ತೇವೆ ಎಂಬ ಅಂಗಡಿಯವರ ಮಾತಿಗೆ ಆಸೆಬಿದ್ದು ಬಿಲ್ ಬಿಟ್ಟುಕೊಟ್ಟರೆ ವಾರಂಟಿಯನ್ನೂ ಬಿಟ್ಟುಕೊಟ್ಟಂತೆ. ಬಿಲ್ ಸಮೇತ ಎಂಆರ್‌ಪಿಯಲ್ಲಿ ರಿಯಾಯಿತಿ ಕೊಡುವ ಅಂಗಡಿಗಳು ಇದೇ ಬೀದಿಯಲ್ಲಿ ಬೇಕಾದಷ್ಟಿವೆ.

ಭಾನುವಾರ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ. ಪಾರ್ಕಿಂಗ್ ಸಿಗುವುದು ಬಹಳ ಕಷ್ಟವಾದ್ದರಿಂದ ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದು ಹೋಗುವುದೇ ಮೇಲು. ಸೆನ್ಸರ್, ರಿಲೇ ಮುಂತಾದ ವಿದ್ಯುತ್ ಭಾಗಗಳನ್ನು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಹಣ ಕೊಡುವ ಮುನ್ನವೇ ಕನೆಕ್ಟರ್‌ನ ಪಿನ್ನುಗಳನ್ನು ಹಳೆಯದರ ಜೊತೆ ಹೋಲಿಸಿ ನೋಡಿ, ವಾಪಸಾತಿಯ ಷರತ್ತನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.