ಒಂದೇ ಕಥಾಸಂಕಲನ, ಮೂರು ದಾರಿ: ಪ್ಯಾಕೇಜ್ ಪ್ರಕಾಶನ, ಪಿಒಡಿ, ಗದಗಿನ ಪ್ರೆಸ್

ರೋಣ ತಾಲ್ಲೂಕಿನ ನಮ್ಮೂರಿನ ಕಥೆಗಳ ಪುಸ್ತಕವನ್ನು ನಾನು ಮೂರು ಸಲ ಮುದ್ರಣಕ್ಕೆ ಕೊಟ್ಟಿದ್ದೇನೆ. ಮೊದಲ ಸಲ ಹಣ ಪಡೆದು ಪ್ರಕಟಿಸುವ ಒಂದು ಪ್ರಕಾಶನಕ್ಕೆ, ಎರಡನೆಯ ಸಲ ಬೇಡಿಕೆ ಬಂದಷ್ಟೇ ಪ್ರತಿ ಮುದ್ರಿಸುವ ಪಿಒಡಿ ಸೇವೆಗೆ, ಮೂರನೆಯ ಸಲ ಗದಗಿನ ಪ್ರೆಸ್‌ಗೆ, ನಾನೇ ಪ್ರಕಾಶಕನಾಗಿ. ಕೈ ಹಿಡಿದದ್ದು ಮೂರನೆಯದು. ಊರಿನ, ತಾಲ್ಲೂಕಿನ ಕಥೆಗಳನ್ನು ಬರೆದಿಟ್ಟುಕೊಂಡು ಪುಸ್ತಕ ಮಾಡುವುದು ಹೇಗೆಂದು ಯೋಚಿಸುತ್ತಿರುವವರಿಗೆ ನನ್ನ ಲೆಕ್ಕ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ.

ನಮ್ಮ ದೊಡ್ಡಪ್ಪ ಹೇಳುತ್ತಿದ್ದ ಕಥೆಗಳೇ ಈ ಪುಸ್ತಕದ ಜೀವ. ಮೊಹರಂ ಹೆಜ್ಜೆಮೇಳದಲ್ಲಿ ರಿವಾಯತ್ ಪದ ಕಟ್ಟುತ್ತಿದ್ದವರ ಕಥೆ, ಎರೆಹೊಲದ ಬಿರುಕಿಗೆ ಕಾಲುಂಗುರ ಬೀಳಿಸಿಕೊಂಡ ಸೊಸೆಯ ಕಥೆ, ಬರಗಾಲದ ವರ್ಷ ಕಾಳಿನ ಹಗೇವು ತೆಗೆದ ಕಥೆ. ಅವನ್ನೆಲ್ಲ ಮೊಬೈಲ್‌ನಲ್ಲೇ ಟೈಪ್ ಮಾಡಿದೆ. ಮಾತುಗಳನ್ನು ನಮ್ಮ ಕಡೆ ಆಡುವಂತೆಯೇ ಇಟ್ಟೆ. ಈ ಎರಡು ಸಂಗತಿಗಳಿಂದಲೇ ಮುಂದಿನ ತೊಂದರೆಗಳೆಲ್ಲ ಹುಟ್ಟಿದವು.

ಮೊದಲ ದಾರಿಯ ಪ್ರಕಾಶನದ ಹೆಸರು ಇಲ್ಲಿ ಬೇಡ. ಅವರು ಕೇಳಿದ್ದು 42,000 ರೂಪಾಯಿ. 500 ಪ್ರತಿ ಮುದ್ರಣ, ಅದರಲ್ಲಿ 100 ನನಗೆ, ಉಳಿದ 400 ಅವರ ಮಾರಾಟಕ್ಕೆ, ಮಾರಿದ್ದರಲ್ಲಿ ನನಗೆ ಶೇಕಡಾ 10 ಗೌರವಧನ. ನನ್ನ 100 ಪ್ರತಿ ಬಂದವು. ಉಳಿದ 400ರ ಲೆಕ್ಕ ಇಂದಿಗೂ ಬಂದಿಲ್ಲ. ಎರಡು ವರ್ಷ ಕೇಳಿದೆ. ‘ಇನ್ನೂ ದಾಸ್ತಾನು ಇದೆ’ ಎಂಬ ಒಂದೇ ಉತ್ತರ. ಪಟ್ಟಿಯಲ್ಲಿ ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್‌ನ ಶುಲ್ಕವೆಂದು 3,000 ರೂಪಾಯಿಯನ್ನೂ ಸೇರಿಸಿದ್ದರು. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಉಚಿತ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಇದು ನನಗೆ ತಿಳಿದದ್ದು ಹಣ ಕೊಟ್ಟ ಮೇಲೆ.

ಹಣ ಹೋದದ್ದಕ್ಕಿಂತ ಹೆಚ್ಚು ನೋಯಿಸಿದ್ದು ಅಕ್ಷರಗಳು. ಯಾರೂ ಮೊದಲೇ ಹೇಳದ ಸಂಗತಿ ಇದಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊಬೈಲ್‌ನಲ್ಲಿ ನಾವು ಟೈಪ್ ಮಾಡುವುದು ಯೂನಿಕೋಡ್ ಕನ್ನಡ, ಅಂದರೆ ಈಗಿನ ಎಲ್ಲ ಯಂತ್ರಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಪುಟ ಕಟ್ಟುವುದು ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶದಲ್ಲಿ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ನಮ್ಮ ಬರಹವನ್ನು ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರಗಳಿಗೆ ಪರಿವರ್ತಿಸಬೇಕಾಗುತ್ತದೆ. ಆ ಹಳೆಯ ವ್ಯವಸ್ಥೆಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಾರೆ. ಒತ್ತು ಒಂದು ತುಣುಕು, ದೀರ್ಘ ಒಂದು ತುಣುಕು, ಅರ್ಕಾವತ್ತು ಒಂದು ತುಣುಕು. ಪರಿವರ್ತಿಸುವ ತಂತ್ರಾಂಶ ಒಂದು ತುಣುಕು ಎಡವಿದರೂ ಪದ ಕೆಟ್ಟಿತು.

ನನ್ನ ಪುಸ್ತಕದಲ್ಲಿ ಎಡವಿದ್ದು ಎಲ್ಲಿ ಗೊತ್ತೇ? ‘ಟ್ರ್ಯಾಕ್ಟರ್‌ನಾಗ’ ಎಂದು ನಾನು ಬರೆದಿದ್ದೆ. ‘ರ್’ ಆದ ಮೇಲೆ ‘ನಾ’ ಬಿಡಿಯಾಗಿ ನಿಲ್ಲಲೆಂದು ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಪರಿವರ್ತನೆಯಲ್ಲಿ ಆ ಚಿಹ್ನೆ ಉದುರಿಹೋಯಿತು. ಅಚ್ಚಿನಲ್ಲಿ ಬಂದದ್ದು ‘ಟ್ರ್ಯಾಕ್ಟರ್ನಾಗ’. ‘ಬಸ್‌ನಲ್ಲಿ’ ಹೋಗಿ ‘ಬಸ್ನಲ್ಲಿ’ ಆಯಿತು. ಇಂಥವು ಪುಟಕ್ಕೆ ನಾಲ್ಕಾರು. ತಿದ್ದುಪಡಿಗೆಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಮೂರು ಸಲ ಕರಡು ಕಳುಹಿಸಿದೆ. ಪ್ರತಿ ಸಲ ಹಳೆಯ ತಪ್ಪು ಹೋಗಿ ಹೊಸ ತಪ್ಪು ಬಂತು, ಏಕೆಂದರೆ ನೂರಾರು ಕಿಲೋಮೀಟರ್ ದೂರದಲ್ಲಿ ಕುಳಿತ ಆಪರೇಟರ್ ನನ್ನ ಕೆಂಪು ಗುರುತನ್ನು ನೋಡಿ ಪದವನ್ನು ಹೊಸದಾಗಿ ಟೈಪ್ ಮಾಡುತ್ತಿದ್ದರು. ಅವರ ಕೈಗೆ ನಮ್ಮ ಕಡೆಯ ಮಾತಿನ ರೂಢಿ ಇರಲಿಲ್ಲ.

ಇನ್ನೊಂದು ತಪ್ಪನ್ನು ಮಾತ್ರ ಯಂತ್ರದ ಮೇಲೆ ಹಾಕಲಾಗದು. ಹಗೇವು ಎಂದರೆ ಕಾಳು ಕೂಡಿಡುವ ನೆಲದೊಳಗಿನ ಕಣಜ. ಬಾಯಿ ತೆಗೆದ ತಕ್ಷಣ ಯಾರೂ ಇಳಿಯುವುದಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಮೊದಲು ಇಳಿಬಿಡುತ್ತಾರೆ, ದೀಪ ಆರಿದರೆ ಇನ್ನಷ್ಟು ಹೊತ್ತು ಕಾಯುತ್ತಾರೆ. ದೊಡ್ಡಪ್ಪನ ಕಥೆ ನಿಂತಿರುವುದು ಆ ಕಂದೀಲು ಇಳಿಯುವ ಹೊತ್ತಿನ ಮೌನದ ಮೇಲೆ. ನಾನು ಬರೆದಿದ್ದ ‘ಅಜ್ಜ ಹಗೇವಿಗೆ ಇಳಿದ’ ಎಂಬ ಸಾಲನ್ನು ಅಲ್ಲಿನ ಸಂಪಾದಕರು ತಪ್ಪೆಂದು ತಿಳಿದು ‘ಅಜ್ಜ ಹಗೆಗೆ ಇಳಿದ’ ಎಂದು ತಿದ್ದಿದರು. ಹಸಿದ ಮಕ್ಕಳಿಗಾಗಿ ಕಾಳು ತರಲು ಜೀವ ಒತ್ತೆಯಿಟ್ಟು ಇಳಿದ ಮನುಷ್ಯ, ಓದುವವರ ಕಣ್ಣಿಗೆ ಜಗಳಕ್ಕೆ ನಿಂತವನಾದ. ಪುಸ್ತಕ ಬಂದಾಗ ದೊಡ್ಡಪ್ಪ ಬದುಕಿದ್ದರು. ಆ ಪುಟವನ್ನು ಅವರಿಗೆ ಓದಿ ಹೇಳುವಾಗ ನಾನು ಬಾಯಲ್ಲೇ ತಿದ್ದಿಕೊಂಡು ಓದಿದೆ.

ಎರಡನೆಯ ದಾರಿ ಪಿಒಡಿ. ಇದರ ಬಗ್ಗೆ ನನಗೆ ಸಿಟ್ಟಿಲ್ಲ. ಮುಂಗಡ ಹಣ ಬೇಕಿಲ್ಲ, ಮನೆಯಲ್ಲಿ ಗಂಟು ಇಟ್ಟುಕೊಳ್ಳಬೇಕಿಲ್ಲ. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ, ನೋಟೋ ಸೆರಿಫ್ ಕನ್ನಡ ಎಂಬ ಯೂನಿಕೋಡ್ ಅಕ್ಷರದಲ್ಲಿ ನಾನೇ ಪುಟ ಕಟ್ಟಿ ಪಿಡಿಎಫ್ ಕೊಟ್ಟೆ. ಪರಿವರ್ತನೆಯ ಗೊಡವೆಯೇ ಇಲ್ಲದ್ದರಿಂದ ಅಕ್ಷರ ಒಂದೂ ಕೆಡಲಿಲ್ಲ. ಬೈಂಡಿಂಗ್ ಗಟ್ಟಿಯಾಗಿತ್ತು. ನಮ್ಮ ಉದ್ದುದ್ದ ಪದಗಳಿಂದಾಗಿ ಕೆಲವು ಸಾಲುಗಳಲ್ಲಿ ಅಂತರ ಹೆಚ್ಚಾಗಿ ಕಾಣುತ್ತಿತ್ತು, ಅಷ್ಟೇ.

ತೊಡಕು ಬೆಲೆಯಲ್ಲಿ. ಒಂದೊಂದೇ ಪ್ರತಿ ಮುದ್ರಿಸುವಾಗ ಖರ್ಚು ಇಳಿಯುವುದಿಲ್ಲ. 160 ಪುಟದ ಪುಸ್ತಕಕ್ಕೆ 275 ರೂಪಾಯಿ ಇಡಬೇಕಾಯಿತು, ಅದರ ಮೇಲೆ ಅಂಚೆವೆಚ್ಚ. ಎರಡು ವರ್ಷದಲ್ಲಿ ಹೋದದ್ದು 61 ಪ್ರತಿ. ಹೆಚ್ಚಿನವು ಬೆಂಗಳೂರು, ಪುಣೆಯಲ್ಲಿ ಕೆಲಸಕ್ಕಿರುವ ನಮ್ಮೂರಿನ ಹುಡುಗರಿಗೆ. ಅವರಿಗೆ ಅದು ಸುಲಭ. ಆದರೆ ಕಥೆ ಯಾರ ಬಾಯಿಂದ ಬಂತೋ ಅವರ ಕೈಗೆ ಪುಸ್ತಕ ತಲುಪಲಿಲ್ಲ. ಹೊಲದಿಂದ ಬಂದ ಹೆಣ್ಣುಮಗಳು ಆನ್‌ಲೈನ್‌ನಲ್ಲಿ 275 ರೂಪಾಯಿ ತುಂಬಿ, ಹತ್ತು ದಿನ ಕಾದು ಪುಸ್ತಕ ತರಿಸಿಕೊಳ್ಳುತ್ತಾಳೆಯೇ? ನೂರು ರೂಪಾಯಿಯ ಆಸುಪಾಸಿನಲ್ಲಿ ಎದುರಿಗೆ ಹಿಡಿದರೆ ಸೀರೆಯ ಸೆರಗಿನ ಗಂಟು ಬಿಚ್ಚಿ ಕೊಡುತ್ತಾಳೆ. ನಾನು ಕಣ್ಣಾರೆ ಕಂಡಿದ್ದೇನೆ.

ಆ್ಯಪ್‌ಗಳ ಬಗ್ಗೆ ಎರಡು ಮಾತು. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಲಿಪಿಯಲ್ಲಿ ನಾಲ್ಕು ಕಥೆ ಹಾಕಿದ್ದೆ. ಓದುಗರ ಮಾತು ಆ ಕ್ಷಣದಲ್ಲೇ ಕೇಳಿಸುತ್ತದೆ, ಹೊಸದಾಗಿ ಬರೆಯುವವರಿಗೆ ಅದು ದೊಡ್ಡ ಬಲ. ಇ-ಪುಸ್ತಕವೇ ಬೇಕೆಂದರೆ ಮೈಲ್ಯಾಂಗ್‌ನಂತಹ ಕನ್ನಡದ್ದೇ ವೇದಿಕೆಗಳಿವೆ. 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಅದರಲ್ಲಿ ಕನ್ನಡ ಇರಲಿಲ್ಲ ಎಂಬ ಬೇಸರ ನನಗಿನ್ನೂ ಇದೆ.

ಹೆಸರಾಂತ ಪ್ರಕಾಶಕರ ದಾರಿಯನ್ನು ನಾನು ತುಳಿದಿಲ್ಲ, ಹಾಗಾಗಿ ಹೋಲಿಸುವುದಿಲ್ಲ. ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಬಹುಮಾನ ಕೊಟ್ಟು ಪ್ರಕಟಿಸುವ ಛಂದ ಪುಸ್ತಕದಂತಹವರು ಇದ್ದಾರೆ, ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಕನ್ನಡ ಪುಸ್ತಕ ಪ್ರಾಧಿಕಾರ ಇದೆ. ಮೊದಲ ಪುಸ್ತಕ ತರುವವರು ಮೊದಲು ಅಲ್ಲಿ ಪ್ರಯತ್ನಿಸಲಿ. ಪ್ರಾಧಿಕಾರದ ವಯೋಮಿತಿಯನ್ನು ನಾನು ಮೀರಿದ್ದೆ.

ಇನ್ನು ಗದಗ. ಮುದ್ರಣ ಕಾಶಿ ಎಂದು ಹೆಸರಾದ ಊರು ನಮ್ಮೂರಿನಿಂದ ಒಂದೂವರೆ ಗಂಟೆಯ ಬಸ್ ದಾರಿಯಲ್ಲಿದೆ. ಅಷ್ಟು ಹತ್ತಿರ ಇಟ್ಟುಕೊಂಡು ನಾನು ಮೊದಲು ದೂರ ಹೋದೆನಲ್ಲ ಎಂದು ಈಗಲೂ ಅನ್ನಿಸುತ್ತದೆ. ಪ್ರೆಸ್‌ಗೆ ಹೋದಾಗ ನಾನು ಕೇಳಿದ ಮೊದಲ ಪ್ರಶ್ನೆ ಬೆಲೆಯದ್ದಲ್ಲ: ‘ಪುಟ ಕಟ್ಟುವುದು ಯಾವುದರಲ್ಲಿ?’ ಪೇಜ್‌ಮೇಕರ್ ಎಂದ ಎರಡು ಕಡೆಯಿಂದ ಎದ್ದು ಬಂದೆ. ಮೂರನೆಯ ಕಡೆ ಇನ್‌ಡಿಸೈನ್ ಎಂಬ ತಂತ್ರಾಂಶ ಇತ್ತು. ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಹಾಕಿಕೊಂಡರೆ ಯೂನಿಕೋಡ್ ಕನ್ನಡ ಒತ್ತಕ್ಷರಗಳ ಸಮೇತ ಸರಿಯಾಗಿ ಕೂರುತ್ತದೆ. ಆಪರೇಟರ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎರಡು ದಿನ ಕುಳಿತೆ. ‘ಹಗೇವು’ ಬಂದಾಗ ಅವರೇ ನನ್ನತ್ತ ತಿರುಗಿ, ತಮ್ಮ ಅಜ್ಜಿಯ ಮನೆಯ ಅಂಗಳದಲ್ಲಿದ್ದ ಹಗೇವಿನ ಕಥೆ ಹೇಳಿದರು. ಆ ಹೊತ್ತಿಗೆ ನನ್ನ ಅರ್ಧ ಚಿಂತೆ ಕಳೆಯಿತು.

ಪ್ರೆಸ್‌ನಲ್ಲೇ ಕಲಿತ ಇನ್ನೊಂದು ಪಾಠ ಫಾರಂ ಲೆಕ್ಕ. ಡೆಮಿ 1/8 ಎಂಬ ಪುಸ್ತಕದ ಅಳತೆಯಲ್ಲಿ, ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರಂ. ನನ್ನ ಪುಸ್ತಕ 163 ಪುಟಕ್ಕೆ ನಿಂತಿತ್ತು. ಮೂರು ಪುಟಕ್ಕಾಗಿ ಹನ್ನೊಂದನೆಯ ಫಾರಂಗೆ ಕಾಗದ ಹಾಳು ಮಾಡುವುದು ಬೇಡವೆಂದು, ಹಿರಿಯರೊಬ್ಬರ ಹೊಗಳಿಕೆಯ ಮಾತುಗಳನ್ನು ಅವರ ಒಪ್ಪಿಗೆ ಪಡೆದು ಬೆನ್ನುಡಿಗೆ ಇಳಿಸಿದೆ. ಹತ್ತು ಫಾರಂಗೆ ಸರಿಹೋಯಿತು.

ಖರ್ಚು ಹೀಗಾಯಿತು. ಪುಟ ಕಟ್ಟಲು 4,000, ಮುಖಪುಟಕ್ಕೆ 3,000, ಕಾಗದ, ಮುದ್ರಣ, ಬೈಂಡಿಂಗ್ ಸೇರಿ 31,000. ಒಟ್ಟು 38,000 ರೂಪಾಯಿ, 500 ಪ್ರತಿ. ಅಂದರೆ ಪ್ರತಿಗೆ 76. ಬೆಲೆ 150 ಇಟ್ಟೆ.

ಅಷ್ಟೂ ಹಣ ನನ್ನ ಜೇಬಿನಿಂದ ಹೋಗಲಿಲ್ಲ. ಜಿ. ಬಿ. ಜೋಶಿ 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿದ್ದು ಚಂದಾದಾರರ ಬಲದಿಂದ. ಅದನ್ನೇ ಚಿಕ್ಕದಾಗಿ ಮಾಡಿದೆ. ಅಚ್ಚಿಗೆ ಮುಂಚೆಯೇ 120 ರೂಪಾಯಿ ಕೊಟ್ಟವರಿಗೆ ಒಂದು ಪ್ರತಿ ಎಂದು ಊರಲ್ಲಿ, ಸುತ್ತಲಿನ ಶಾಲೆಗಳ ಶಿಕ್ಷಕರಲ್ಲಿ, ಊರು ಬಿಟ್ಟವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದೆ. 140 ಜನ ಕೊಟ್ಟರು. 16,800 ರೂಪಾಯಿ ಕೂಡಿತು. ಉಳಿದ 21,200 ನನ್ನದು.

ಮಾರಾಟಕ್ಕೆ ಜಾತ್ರೆಯೇ ಅಂಗಡಿ. ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದ ಕಾದಂಬರಿಕಾರ ಗಳಗನಾಥರ ನೆನಪು ನಮ್ಮ ಭಾಗದಲ್ಲಿ ಇನ್ನೂ ಮಾಸಿಲ್ಲ. ನನಗೆ ಸ್ಕೂಟರ್ ಇತ್ತು. ಜಾತ್ರೆಯಲ್ಲಿ, ತಾಲ್ಲೂಕು ಸಾಹಿತ್ಯ ಸಮ್ಮೇಳನದಲ್ಲಿ, ಎರಡು ಮದುವೆಗಳಲ್ಲಿ ಉಡುಗೊರೆಯಾಗಿ, ಹೀಗೆ ಕೈಯಿಂದ ಕೈಗೆ 210 ಪ್ರತಿ ಹೋದವು. ಅಂಗಡಿಗಳಿಗೆ ಮೂರನೇ ಒಂದು ಪಾಲು ಕಮಿಷನ್ ಬಿಟ್ಟು 60 ಪ್ರತಿ. ಶಾಲೆಗಳಿಗೆ, ಕಥೆ ಹೇಳಿದವರಿಗೆ, ಗ್ರಂಥಾಲಯಗಳಿಗೆ ಉಚಿತವಾಗಿ 40. ಮನೆಯಲ್ಲಿ ಉಳಿದದ್ದು 50. ಬಂದದ್ದು 54,300, ಖರ್ಚು ಕಳೆದು 16,300 ಉಳಿಯಿತು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಅದು ಬಂದರೆ ಹೆಚ್ಚಿನ ಮಾತು.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಪ್ರಕಾಶಕನಾದ ಮೇಲೆ ಎಲ್ಲ ಓಡಾಟವೂ ನಿಮ್ಮದೇ. 1954ರ ಕಾಯ್ದೆಯ ಪ್ರಕಾರ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲೇ ಕಳುಹಿಸಬೇಕು. ದೂರದ ಓದುಗರಿಗೆ ಕಟ್ಟು ಕಟ್ಟಿ ಅಂಚೆ ಕಚೇರಿಗೆ ಒಯ್ಯಬೇಕು. 2025ರ ಮೇ ತಿಂಗಳಲ್ಲಿ ಆರಂಭವಾದ, ಪುಸ್ತಕಗಳಿಗೆಂದೇ ಇರುವ ಅಂಚೆ ಸೇವೆ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂ ತನಕ 20 ರೂಪಾಯಿ ಮತ್ತು ತೆರಿಗೆ. ನನ್ನ ಪುಸ್ತಕ ಆ ತೂಕದೊಳಗೇ ಇದೆ. ಈ ಸೇವೆಯಲ್ಲಿ ಕಳುಹಿಸಲು ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಲೇಬೇಕು, ಮರೆಯಬೇಡಿ.

ತಿಂಗಳಿಗೆ ನಾಲ್ಕು ದಿನ ಓಡಾಡಲು ಆಗುವವರಿಗೆ, ಇಪ್ಪತ್ತು ಸಾವಿರ ಒಂದು ವರ್ಷ ಸಿಕ್ಕಿಹಾಕಿಕೊಂಡರೂ ನಡೆಯುತ್ತದೆ ಎನ್ನುವವರಿಗೆ, ಓದುಗರು ತಾಲ್ಲೂಕಿನೊಳಗೇ ಇರುವವರಿಗೆ ಹತ್ತಿರದ ಪ್ರೆಸ್ಸೇ ಸರಿ. ನೌಕರಿ ಬಿಟ್ಟು ಅಲುಗಾಡಲು ಆಗದಿದ್ದರೆ, ಓದುಗರೆಲ್ಲ ನಗರಗಳಲ್ಲಿದ್ದರೆ ಪಿಒಡಿ ಸಾಕು. ನಾನೂ ಆ ಆವೃತ್ತಿಯನ್ನು ತೆಗೆದಿಲ್ಲ, ಪುಣೆಯ ಹುಡುಗರಿಗೆ ಇರಲಿ ಎಂದು ಬಿಟ್ಟಿದ್ದೇನೆ. ಹಣ ಕೊಟ್ಟು, ಪ್ರತಿಗಳನ್ನೂ ಬಿಟ್ಟುಕೊಟ್ಟು, ಲೆಕ್ಕಕ್ಕಾಗಿ ಕಾಯುವ ಪ್ಯಾಕೇಜನ್ನು ಮಾತ್ರ ಯಾರಿಗೂ ಹೇಳಲಾರೆ. ಹೋಗಲೇಬೇಕೆಂದಿದ್ದರೆ ನಿಮ್ಮ ಪಾಲಿನ ಪ್ರತಿಗಳ ಸಂಖ್ಯೆಯನ್ನೂ ಲೆಕ್ಕ ಕೊಡುವ ತಿಂಗಳನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ.

ಎರಡನೆಯ ಪುಸ್ತಕ ತಯಾರಾಗುತ್ತಿದೆ. ಈ ಸಲ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹೇಳಿಕೊಂಡ ಕಥೆಗಳು. 12 ಫಾರಂ ಆಗಬಹುದು ಎಂದು ಆಪರೇಟರ್ ಹೇಳಿದ್ದಾರೆ. ಶ್ರಾವಣ ಹುಟ್ಟುವ ಹೊತ್ತಿಗೆ ಚಂದಾ ಕೇಳಲು ಹೊರಡುತ್ತೇನೆ.